ನಕ್ಷತ್ರಕ್ಕೆ ಹಚ್ಚಿದ ಅಂಟು

ಕೈಗೆ ಐದು ಬೆರಳು ಕೊಟ್ಟ ದೇವರು ಜೊತೆಗೆ ಕೈಗೆಲಸವನ್ನೂ ಕೊಟ್ಟಿರುತ್ತಾನೆಂದು ನಂಬಿದವನು ನಾನು. ಈ ನಂಬಿಕೆಗೆ ನಮ್ಮ ಮನೆಯಲ್ಲೇ ವಿರೋಧವಿದೆ. ನಾನು ಸುತ್ತಿಗೆ ಹಿಡಿದರೆ ನನ್ನ ಹೆಂಡತಿ ಸುಗುಣ ಮೊದಲು ಮಕ್ಕಳನ್ನು ದೂರ ಕರೆದುಕೊಳ್ಳುತ್ತಾಳೆ. ಒಮ್ಮೆ ಕುಂಟುತ್ತಿದ್ದ ಸ್ಟೂಲನ್ನು ಸರಿ ಮಾಡಲು ಹೋಗಿ, ಒಂದೊಂದೇ ಕಾಲನ್ನು ಒಂದಿಷ್ಟು ಒಂದಿಷ್ಟು ಕೊಯ್ಯುತ್ತ ಕೊನೆಗೆ ಅದನ್ನು ಮಣೆ ಮಾಡಿಟ್ಟೆ. ಊಟಕ್ಕೆ ಕೂರಲು ಅದು ಈಗಲೂ ಬಹಳ ಅನುಕೂಲವಾಗಿದೆ. ಆದರೆ ಆ ಅನುಕೂಲವನ್ನು ಯಾರೂ ನನ್ನ ಲೆಕ್ಕಕ್ಕೆ ಹಾಕುವುದಿಲ್ಲ.

ಮಹಾರಾಜರ ಸರ್ಕಾರ ನನ್ನನ್ನು ಅಕ್ಕೂರಿನ ಶಾಲೆಗೆ ವರ್ಗ ಮಾಡಿದ ವರ್ಷ. ಊರಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ. ಡಿಸೆಂಬರ್ ಬಂದಂತೆ ಮಕ್ಕಳ ಮುಖ ಸಪ್ಪಗಾಯಿತು. ಮೈಸೂರಿನಲ್ಲಾದರೆ ಚರ್ಚಿನ ಬಾಗಿಲಲ್ಲಿ ದೊಡ್ಡ ನಕ್ಷತ್ರ ತೂಗುತ್ತಿತ್ತು. ಇಲ್ಲಿ ಏನು ತೂಗಬೇಕು? "ಇಲ್ಲಿಗೆ ಕ್ರಿಸ್‌ಮಸ್ ಬರೋದೇ ಇಲ್ವಾ ಅಪ್ಪ?" ಎಂದು ನಾಲ್ಕು ವರ್ಷದ ಸಾಮು ಕೇಳಿದ. ಎತ್ತಿನಗಾಡಿಯಲ್ಲಿ ಬರುತ್ತದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾನು ಹಾಗೆ ಮಾಡದೆ, ನಕ್ಷತ್ರವನ್ನು ನಾನೇ ನನ್ನ ಕೈಯಾರೆ ಮಾಡಿಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟೆ. ಸುಗುಣ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುತ್ತಿದ್ದವಳು ಒಂದು ಕ್ಷಣ ಕೈ ನಿಲ್ಲಿಸಿ ನನ್ನನ್ನು ನೋಡಿದಳು, ಅಷ್ಟೆ.

ಬಿದಿರು ಸೀಳಲು ಹೋಗಿ ಬೆರಳನ್ನು ಸೀಳಿಕೊಂಡ ಸುದ್ದಿ ಪಕ್ಕದ ಮನೆಯ ನಿಂಗಮ್ಮನಿಗೆ ಮುಟ್ಟಿತು. ಆಕೆ ರೇಷ್ಮೆಹುಳು ಸಾಕುವವಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಒಂದು ಚಂದ್ರಿಕೆಯನ್ನೇ ತಂದು ಜಗಲಿಗೆ ಒರಗಿಸಿದಳು. ಆಳೆತ್ತರದ ಬಿದಿರಿನ ತಟ್ಟಿ ಅದು, ಅದರ ಮೇಲೆ ಸುತ್ತುಸುತ್ತಾಗಿ ಬಿಗಿದ ಬಿದಿರಿನ ಪಟ್ಟಿ. "ನಮ್ಗೆ ಒಂದು ಎಚ್ಚಾಗೈತೆ, ಇದ್ರ ಮ್ಯಾಲೆ ಏನಾರ ಮಾಡ್ಕೊಳ್ಳಿ ಮೇಷ್ಟ್ರೆ. ಬೆರಳು ಒಸಿ ಉಳಿಸ್ಕೊಳ್ಳಿ" ಎಂದಳು.

ಶಾಲೆಯ ಹಳೆಯ ಉತ್ತರಪತ್ರಿಕೆಗಳನ್ನು ಅರಿಶಿನ ಸುಣ್ಣದ ನೀರಿನಲ್ಲಿ ಅದ್ದಿ ಕೆಂಪು ಮಾಡಿದೆವು. ಏಳು ವರ್ಷದ ರೂತ್ ಕತ್ತರಿಸಿದಳು, ಸಾಮು ತನ್ನ ಹೊಟ್ಟೆಗೆಲ್ಲ ಬಣ್ಣ ಹಚ್ಚಿಕೊಂಡ. ಅಂಟಿನ ಖಾತೆ ಮಾತ್ರ ನನ್ನದು. ಗಂಜಿಗೆ ಒಂದಿಷ್ಟು ಸುಣ್ಣ, ಒಂದಿಷ್ಟು ಬೇವಿನೆಣ್ಣೆ, ಇರುವೆ ಬರದಿರಲೆಂದು ಒಂದಿಷ್ಟು ಕರ್ಪೂರ. ಆ ವಾಸನೆಗೆ ನಮ್ಮ ಬೆಕ್ಕು ಎರಡು ದಿನ ಮನೆಗೆ ಬರಲಿಲ್ಲ. ಅಂತೂ ಐದು ಮೂಲೆಯ ನಕ್ಷತ್ರ ಚಂದ್ರಿಕೆಯ ಮೇಲೆ ಕೂತಿತು. ಒಂದು ಮೂಲೆ ಸ್ವಲ್ಪ ಕೆಳಕ್ಕೆ ಜೋತಿತ್ತು, ಆದರೂ ಮಕ್ಕಳು ಅದರ ಮುಂದಿನಿಂದ ಏಳಲಿಲ್ಲ. ನನಗೆ ಆದ ಸಂತೋಷವನ್ನು ಹೇಳಲಾರೆ.

ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ನಿಂಗಮ್ಮ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತಳು. ಆ ಸಲ ಹುಳು ಸಾಯದೆ ಚೆನ್ನಾಗಿ ಉಳಿದಿದ್ದವು. "ಎಲ್ಲಾ ಒಂದೇ ಕಿತ ಹಣ್ಣಾಗ್ಬುಟ್ಟವೆ ಮೇಷ್ಟ್ರೆ. ಚಂದ್ರಿಕೆ ಸಾಲ್ತಾ ಇಲ್ಲ. ಊರೆಲ್ಲಾ ಕೇಳ್ಬುಟ್ಟೆ" ಎಂದವಳು ನಕ್ಷತ್ರವನ್ನೂ ಮಕ್ಕಳನ್ನೂ ನೋಡಿ ಮಾತು ನುಂಗಿದಳು. "ವೋಗ್ಲಿ ಬುಡಿ, ಐಕ್ಳ ಹಬ್ಬ" ಎಂದು ತಿರುಗಿದಳು. ಗೂಡು ಕಟ್ಟಲು ಜಾಗ ಸಿಗದ ಹುಳು ನೂಲನ್ನು ಸುಮ್ಮನೆ ಚೆಲ್ಲಿ ಹಾಳಾಗುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ಬದುಕಿನಲ್ಲಿ ನಾನು ಪೂರ್ತಿ ಮಾಡಿದ ಮೊದಲ ವಸ್ತು ಆ ನಕ್ಷತ್ರ.

"ಹುಳಕ್ಕೆ ಜಾಗ ಇಲ್ವಾ?" ಎಂದು ರೂತ್ ಕೇಳಿದಳು. ಇಲ್ಲ ಎಂದೆ. "ಯೇಸುಸ್ವಾಮಿಗೂ ಛತ್ರದಲ್ಲಿ ಜಾಗ ಇರ್ಲಿಲ್ಲ ಅಂತ ನೀವೇ ಹೇಳಿದ್ರಲ್ಲ ಅಪ್ಪ." ಹೇಳಿದ್ದು ನಿಜ, ಹಿಂದಿನ ಸಂಜೆಯೇ ಬಹಳ ಭಾವಪೂರ್ಣವಾಗಿ ಹೇಳಿದ್ದೆ. ಅವಳು ನಕ್ಷತ್ರದ ಮೂಲೆ ಹಿಡಿದು ಕಾಗದ ಕಿತ್ತಳು. ಸಾಮು ಒಂದು ಗಳಿಗೆ ತುಟಿ ಉಬ್ಬಿಸಿ, ಆಮೇಲೆ ಕೀಳುವುದೂ ಮೋಜಿನ ಆಟವೆಂದು ಕಂಡುಕೊಂಡು ಕೈ ಸೇರಿಸಿದ. ಕಾಗದವೆಲ್ಲ ಹೋಗಿ ಅಂಟಿನ ಕಲೆಯಷ್ಟೇ ಉಳಿದ ಚಂದ್ರಿಕೆಯನ್ನು ನಿಂಗಮ್ಮನ ಮನೆಗೆ ಮುಟ್ಟಿಸಿ ಬರುವಾಗ ಕಣ್ಣೊರೆಸಿಕೊಂಡವನು ನಾನೊಬ್ಬನೇ.

ಕ್ರಿಸ್‌ಮಸ್ ಬೆಳಿಗ್ಗೆ ಪ್ರಾರ್ಥನೆ, ಹಾಡು, ಕಜ್ಜಾಯ ಎಲ್ಲ ಸುಸೂತ್ರವಾಗಿ ಮುಗಿದವು. ಸುಗುಣ ಹಳೆಯ ಸೀರೆಯಲ್ಲಿ ಹೊಲಿದ ಗೊಂಬೆಯನ್ನು ಮಕ್ಕಳಿಬ್ಬರೂ ಎಳೆದಾಡುತ್ತಿದ್ದಾಗ ನಿಂಗಮ್ಮ ಕೂಗಿ ಕರೆದಳು. ಹೋಗಿ ನೋಡಿದರೆ ಅವಳ ಅಂಗಳದ ಗೋಡೆಗೆ ಚಂದ್ರಿಕೆಗಳು ಸಾಲಾಗಿ ಒರಗಿವೆ, ಅವುಗಳ ತುಂಬ ಹೊಂಬಣ್ಣದ ಗೂಡು. ನಮ್ಮದರಲ್ಲೂ ಗೂಡು ಕಿಕ್ಕಿರಿದಿತ್ತು, ಆದರೆ ನಟ್ಟನಡುವೆ ಐದು ಮೂಲೆಯಷ್ಟು ಜಾಗ ಖಾಲಿ. ಒಂದು ಮೂಲೆ ಸ್ವಲ್ಪ ಕೆಳಕ್ಕೆ ಜೋತಿತ್ತು. ಹೊನ್ನಿನ ನಡುವೆ ಕೊರೆದಿಟ್ಟಂತಿದ್ದ ಆ ನಕ್ಷತ್ರವನ್ನು ನೋಡಲು ಅರ್ಧ ಊರೇ ನೆರೆದಿತ್ತು. ಸಾಮು ಕುಣಿಯತೊಡಗಿದ. ನಿಂಗಮ್ಮ ನಗುತ್ತಾ, "ನಿಮ್ಮ ಸ್ವಾಮಿ ನಮ್ಮನೆಗೂ ಬಂದ್ಬುಟ್ಟ ಕಣವ್ವ" ಎಂದು ರೂತಳ ಕೆನ್ನೆ ಸವರಿದಳು. ಆ ಅಂಗಳದಲ್ಲಿ ಕಂಡಷ್ಟು ಚೆಂದದ ಹಬ್ಬವನ್ನು ನಾನು ಯಾವ ಚರ್ಚಿನಲ್ಲೂ ಕಂಡಿಲ್ಲ.

ಪಟೇಲರು ಕನ್ನಡಕ ಏರಿಸಿ ನೋಡಿ, "ಏನ್ ಕೈಚಳಕ ಮೇಷ್ಟ್ರೆ, ಎಂಗೆ ಮಾಡುದ್ರಿ ಇದ್ನ?" ಎಂದರು. ನಾನು ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ರೂತ್ ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟಳು: "ಏನಿಲ್ಲ, ನಮ್ಮಪ್ಪ ಎಲ್ಲೆಲ್ಲಿ ಕೈ ಹಚ್ಚಿದ್ರೋ ಅಲ್ಲಿಗೆ ಒಂದು ಹುಳಾನೂ ಬಂದಿಲ್ಲ."