ಬಲಗಾಲಿಗೆ ಸಿಗದ ಸದಸ್ಯತ್ವ

ನಾನು ಹುಟ್ಟುವಾಗಲೇ ವೈದ್ಯನಾಗಿದ್ದೆ. ಎಲ್ಲ ಮಕ್ಕಳೂ ತಲೆ ಮುಂದೆ ಮಾಡಿ ಲೋಕಕ್ಕೆ ಬಂದರೆ ನಾನು ಕಾಲು ಮುಂದೆ ಮಾಡಿ ಬಂದವನು. ನಮ್ಮ ಖಾನಾಪುರದಲ್ಲಿ ಇಂಥವರನ್ನು ಮರಾಠಿಯವರ ಮಾತಿನಲ್ಲಿ ‘ಪಾಯಾಳು’ ಎನ್ನುತ್ತಾರೆ. ಪಾಯಾಳುವಿನ ಕಾಲು ತಾಗಿದರೆ ಸೊಂಟದ ಉಳುಕು ಹೋಗುತ್ತದೆ ಎಂಬ ವಿಷಯದಲ್ಲಿ ಕನ್ನಡದವರಿಗೂ ಮರಾಠಿಯವರಿಗೂ ಭೇದವಿರಲಿಲ್ಲ. ಗಡಿ ತಂಟೆ ಇನ್ನೂ ಸೊಂಟದವರೆಗೆ ಬಂದಿರಲಿಲ್ಲ.

ನನಗಿಂತ ಹತ್ತು ವರ್ಷ ದೊಡ್ಡವಳಾದ ಗಂಗಕ್ಕ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಮನೆ ಮನೆಗೆ ಒಯ್ಯುತ್ತಿದ್ದಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳೇ ಅವಳು. ರೋಗಿ ಹೊಸ್ತಿಲ ಹತ್ತಿರ ಬೋರಲು ಮಲಗಿರುತ್ತಿದ್ದ. ನಾನು ಗಂಭೀರವಾಗಿ ಬಲಗಾಲನ್ನು ಸೊಂಟಕ್ಕೆ ಮೂರು ಸಲ ತಾಗಿಸಿ, ‘ನೋವು ಹೋತೇನು?’ ಎಂದು ಕೇಳುತ್ತಿದ್ದೆ. ‘ಹೋತಪಾ’ ಎಂದು ಅವರು ಬೆಲ್ಲದ ಚೂರು ಕೊಡುತ್ತಿದ್ದರು. ನನ್ನ ನೆನಪಿನಲ್ಲಿ ಹೋಗಲಿಲ್ಲ ಎಂದವರು ಒಬ್ಬರೂ ಇಲ್ಲ. ಇಂಥ ಯಶಸ್ಸು ಯಾವ ದೊಡ್ಡ ಆಸ್ಪತ್ರೆಗೆ ಇದೆ ಹೇಳಿ!

ಮುಂದೆ ನೌಕರಿಗೆಂದು ಬೆಳಗಾವಿಗೆ ಬಂದೆ. ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಎರಕದಿಂದ ಬಂದ ಭಾಗ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಪಕ್ಕಕ್ಕೆ ಎಸೆಯುತ್ತೇನೆ. ಆ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಆದರೆ ಊರಿನಲ್ಲಿ ನನ್ನ ಕಾಲಿನ ಬೇಡಿಕೆ ಕಡಿಮೆಯಾಗತೊಡಗಿತು. ಖಾನಾಪುರದಲ್ಲಿಯೂ ಫಿಜಿಯೋಥೆರಪಿ ಕಲಿತ ಹುಡುಗನೊಬ್ಬ ಅಂಗಡಿ ತೆರೆದ. ಜನ ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿ ಒಳಗೆ ಹೋಗುವ ಕಾಲ ಬಂತು. ನನ್ನ ಕಾಲಿನ ಮೇಲೆ ಸರ್ಟಿಫಿಕೇಟು ಇರಲಿಲ್ಲ.

ಇಂಥ ಹೊತ್ತಿನಲ್ಲಿ ಟಿಳಕವಾಡಿಯ ಒಂದು ಮಹಡಿಯ ಮೇಲೆ ಆಸ್ಟಿಯೋಪಥಿ ಕಲಿಸುತ್ತಾರೆಂದು ಗೊತ್ತಾಯಿತು. ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದಲೇ ತಡವಿ, ಒತ್ತಿ ಸರಿಮಾಡುವ ವಿದ್ಯೆಯಂತೆ. ಕಲಿತವರಿಗೆ ಒಂದು ಸಂಘದ ಸದಸ್ಯತ್ವವೂ ಉಂಟಂತೆ. ನಾನು ಆ ದಿನವೇ ನಿರ್ಧರಿಸಿದೆ. ಹೆಂಡತಿ ಗೀತಾಳಿಗೆ ಹೇಳಿದೆ. ಅವಳು ಒಗ್ಗರಣೆಯಿಂದ ಕಣ್ಣೆತ್ತದೆ, ‘ನಿಮ್ಮ ಕಾಲ ನೋಡಿದ್ರ ಅವ್ರು ಸದಸ್ಯತ್ವ ಕೊಡೂದಿಲ್ರಿ, ಚಪ್ಪಲಿ ಹಾಕ್ಕೊಂಡ ಬರ್ರಿ ಅಂತಾರ’ ಎಂದಳು. ಮನೆಯವರ ಪ್ರೋತ್ಸಾಹ ನನಗೆ ಯಾವಾಗಲೂ ಹೀಗೆಯೇ ಸಿಕ್ಕಿದೆ.

ಅಲ್ಲಿಯ ಮುಖ್ಯಸ್ಥೆ ದೇಸಾಯಿ ಮೇಡಂ. ಕಡಿಮೆ ಮಾತಿನ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಪೂರ್ಣ ಸದಸ್ಯರಾಗಬೇಕಾದರೆ ಏನೇನು ಬೇಕೆಂದು ಅವರು ಹೇಳುತ್ತ ಹೋದರು. ಶರೀರ ಶಾಸ್ತ್ರ ಕಲಿಯಬೇಕು. ವರ್ಷಗಟ್ಟಲೆ ಓದಬೇಕು. ಹಿರಿಯರ ಕಣ್ಣೆದುರಿಗೆ ರೋಗಿಗಳನ್ನು ನೋಡಬೇಕು. ಪರೀಕ್ಷೆ ಕೊಡಬೇಕು. ಸದಸ್ಯರಾದ ಮೇಲೂ ಪ್ರತಿ ವರ್ಷ ಹೊಸದನ್ನು ಕಲಿಯುತ್ತಲೇ ಇರಬೇಕು. ನಾನು ವಿನಯದಿಂದ, ನನಗೆ ನಲವತ್ತು ವರ್ಷಕ್ಕೂ ಮಿಕ್ಕಿದ ಅನುಭವವಿರುವುದರಿಂದ ಇದರಲ್ಲಿ ಸ್ವಲ್ಪ ರಿಯಾಯಿತಿ ಸಿಗಬಹುದೇ ಎಂದು ಕೇಳಿದೆ. ಯಾವ ಕೈಯಿಂದ ಒತ್ತುತ್ತೀರಿ ಎಂದರು. ಬಲಗಾಲಿನಿಂದ ಎಂದೆ.

ಮೇಡಂ ನಗಲಿಲ್ಲ. ನನ್ನ ಯೋಗ್ಯತೆಗೆ ಬೆರಗಾಗಿದ್ದಾರೆಂದು ನಾನು ತಿಳಿದೆ.

ಕೊನೆಗೆ ನನ್ನನ್ನು ಆಸಕ್ತರಿಗಾಗಿ ಇದ್ದ ರವಿವಾರದ ತರಗತಿಗೆ, ವಿದ್ಯಾರ್ಥಿ ಸದಸ್ಯ ಎಂಬ ಅತಿ ಕೆಳಗಿನ ಮೆಟ್ಟಿಲಿಗೆ ಸೇರಿಸಿಕೊಂಡರು. ತರಗತಿಯಲ್ಲಿ, ಅವರ ಎದುರಿಗೆ, ಒಬ್ಬರ ಮೇಲೊಬ್ಬರು ಕೈ ಇಟ್ಟು ಕಲಿಯಬಹುದು. ಹೊರಗೆ ಯಾರನ್ನೂ ಮುಟ್ಟುವಂತಿಲ್ಲ. ನಾನು ಸಹಿ ಮಾಡಿದೆ. ಸಹಿ ಮಾಡುವಾಗ ಮನಸ್ಸಿನಲ್ಲಿ ಬೋರ್ಡು ಬರೆಸುವ ವಿಚಾರ ನಡೆದಿತ್ತು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಮೂರನೆಯ ರವಿವಾರವೇ ತರಗತಿ ತಪ್ಪಿಸಿ ಪೇಂಟರನ ಹತ್ತಿರ ಕುಳಿತೆ. ನನ್ನ ಹೆಸರು, ಕೆಳಗೆ ‘ಆಸ್ಟಿಯೋಪಥಿ ಸಂಘದ ಸದಸ್ಯರು’. ಜಾಗದ ಅಭಾವದಿಂದ ‘ವಿದ್ಯಾರ್ಥಿ’ ಎಂಬ ಪದವನ್ನು ಕೈಬಿಡಲಾಯಿತು. ಆ ರವಿವಾರ ಮೇಡಂ ಕಲಿಸಿದ ಪಾಠ ಯಾವುದು ಗೊತ್ತೇ? ಯಾರನ್ನು ಮುಟ್ಟಬಾರದು, ಮುಟ್ಟುವ ಮೊದಲು ಏನೇನು ಕೇಳಬೇಕು ಎಂಬುದು. ಇಡೀ ವಿದ್ಯೆಯಲ್ಲಿ ಅದೊಂದನ್ನೇ ಕಲಿತಿದ್ದರೂ ಸಾಕಾಗಿತ್ತು.

ಬೋರ್ಡು ನೋಡಿ ಮೊದಲು ಬಂದವರು ಪಕ್ಕದ ಮನೆಯ ಇಕ್ಬಾಲಭಾಯಿ. ಟೈರಿನ ಅಂಗಡಿಯವರು. ಕುತ್ತಿಗೆ ಹಿಡಿದು ಎಡಕ್ಕೆ ಮಾತ್ರ ನೋಡುತ್ತಿದ್ದರು. ನಾನು ಕೈಗೆ ಎಣ್ಣೆ ಹಚ್ಚಿಕೊಂಡು, ಪುಸ್ತಕದ ಚಿತ್ರ ನೆನಪಿಸಿಕೊಂಡು ತಿರುವಿದೆ. ಮರುದಿನದಿಂದ ಅವರು ಬಲಕ್ಕೆ ಮಾತ್ರ ನೋಡತೊಡಗಿದರು. ಇದನ್ನು ನಾನು ಪ್ರಗತಿ ಎಂದು ಭಾವಿಸಿದೆ. ನಾಲ್ಕು ದಿನಕ್ಕೆ ತಾನಾಗಿಯೇ ಸರಿಹೋಯಿತು. ಕೀರ್ತಿ ನನ್ನದಾಯಿತು.

ಇಲ್ಲಿಯವರೆಗಿನದನ್ನು ನಾನು ಎಲ್ಲರಿಗೂ ನಗುತ್ತ ಹೇಳುತ್ತೇನೆ. ಮುಂದಿನದನ್ನು ಹೇಳುವಾಗ ನಗು ಬರುವುದಿಲ್ಲ.

ಆ ವಾರ ಗಂಗಕ್ಕ ಖಾನಾಪುರದಿಂದ ಬಸ್ಸು ಹಿಡಿದು ಬಂದಳು. ಬಾಗಿಲಲ್ಲಿ ನಿಂತು ಬೋರ್ಡನ್ನು ಅಕ್ಷರ ಅಕ್ಷರ ಓದಿದಳು. ಅವಳ ಮುಖದಲ್ಲಿ ಕಂಡ ಹಿಗ್ಗನ್ನು ನಾನು ಇನ್ನೂ ಮರೆತಿಲ್ಲ. ಒಳಗೆ ಬಂದು ಕೂಡುವಾಗ ಮಾತ್ರ ಗೋಡೆ ಹಿಡಿದಳು. ಬೆನ್ನು ಸ್ವಲ್ಪ ಹಿಡಿದಿದೆ ಎಂದಳು. ಗೀತಾ ಕೂಡಲೇ, ಎಲುಬಿನ ಡಾಕ್ಟರ ಹತ್ತಿರ ಹೋಗೋಣ, ವಯಸ್ಸಾದವರ ಬೆನ್ನು, ಹಗುರವಾಗಿ ತೆಗೆದುಕೊಳ್ಳುವುದು ಬೇಡ ಎಂದಳು. ನನಗೆ ಸಿಟ್ಟು ಬಂತು. ಮನೆಯಲ್ಲಿ ಸಂಘದ ಸದಸ್ಯನಿರುವಾಗ ಹೊರಗಿನ ಡಾಕ್ಟರ ಹತ್ತಿರ ಒಯ್ಯುವುದೆಂದರೇನು? ಓಣಿಯವರು ಏನೆಂದಾರು?

ಅಕ್ಕನನ್ನು ಚಾಪೆಯ ಮೇಲೆ ಬೋರಲು ಮಲಗಿಸಿದೆ. ಬಿದ್ದಿದ್ದಿಯಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಜಾರಿ ಕುಕ್ಕರಿಸಿ ಬಿದ್ದದ್ದನ್ನು ಹೇಳುತ್ತಿದ್ದಳು. ಕೇಳದೆ ಹೇಳುವವಳಲ್ಲ ಅವಳು. ಎರಡೂ ಅಂಗೈ ಊರಿ, ಮೈಭಾರ ಹಾಕಿ ಒತ್ತಿದೆ. ಟಕ್ ಎಂದಿತು. ತರಗತಿಯಲ್ಲಿ ಹೀಗೆ ಸದ್ದು ಬಂದಾಗ ಎಲ್ಲರೂ ತಲೆಯಾಡಿಸುವುದನ್ನು ನೋಡಿದ್ದೆ. ನಾನು ಹಿಗ್ಗಿ ಹೀರೇಕಾಯಿಯಾದೆ.

‘ಕೇಳಿದೇನ ಅಕ್ಕಾ? ಹೋತಲ್ಲ ನೋವು?’ ಎಂದೆ.

ಅವಳು ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದಳು. ಮುಖ ಚಾಪೆಯ ಕಡೆಗಿತ್ತು. ಆಮೇಲೆ, ‘ಹೂಂನೋ ತಮ್ಮಾ, ಹೋತ ನೋಡು. ಭಾಳ ಹಗುರಾತು’ ಎಂದಳು.

ಗೀತಾಳ ಕಡೆಗೆ ನಾನು ನೋಡಿದ ನೋಟವನ್ನು ನೀವು ಕಲ್ಪಿಸಿಕೊಳ್ಳಿ. ಅಂದಿನಿಂದ ಎರಡು ದಿನ ಅಕ್ಕ ನಮ್ಮ ಮನೆಯಲ್ಲಿ ಓಡಾಡಿದಳು. ಬೇಡವೆಂದರೂ ಕೇಳದೆ ರೊಟ್ಟಿ ಬಡಿದಳು. ಬಂದವರಿಗೆಲ್ಲ, ತಮ್ಮ ಒತ್ತಿದ ಕೂಡಲೇ ನೋವು ಮಾಯವಾಯಿತೆಂದು ಹೇಳಿದಳು. ಇಕ್ಬಾಲಭಾಯಿಯ ಹೆಂಡತಿಯನ್ನೂ ಕರೆದು ಹೇಳಿದಳು. ನಾನು ಕಾರ್ಖಾನೆಯಲ್ಲಿ ಎರಕದ ಭಾಗಗಳನ್ನು ಎಸೆಯುತ್ತ, ರಾಜೀನಾಮೆ ಯಾವಾಗ ಕೊಡಲಿ ಎಂದು ಯೋಚಿಸುತ್ತಿದ್ದೆ. ಮೂರನೆಯ ದಿನ ಗೀತಾ ಫೋನು ಮಾಡಿದಳು. ಅಕ್ಕ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಾಳೆ, ಏಳಲಿಕ್ಕೆ ಬರುತ್ತಿಲ್ಲ, ಬೆವರು ಸುರಿಯುತ್ತಿದೆ, ಆದರೂ ನಿಮಗೆ ತಿಳಿಸಬೇಡ ಅನ್ನುತ್ತಿದ್ದಾಳೆ ಎಂದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಅಕ್ಕನ ಎಲುಬುಗಳು ಸವೆದು ತೆಳ್ಳಗಾಗಿದ್ದವು. ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ಅವಳು ಬಿದ್ದ ಸಂಗತಿಯೂ ಅಲ್ಲಿಯೇ ಹೊರಬಿತ್ತು. ಬಿದ್ದಾಗಲೇ ಕುಸಿಯಿತೋ, ಒತ್ತಿದಾಗ ಕುಸಿಯಿತೋ ಎಂದು ನಾನು ಡಾಕ್ಟರನ್ನು ಕೇಳಿದೆ. ಅದನ್ನು ಈಗ ಹೇಳಲಾಗದು ಎಂದರು. ಆ ಉತ್ತರ ಇವತ್ತಿಗೂ ನನಗೆ ಸಿಕ್ಕಿಲ್ಲ. ಸಿಕ್ಕರೆ ಕೇಳುವ ಧೈರ್ಯ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಯಾರು ಒತ್ತಿದರು ಎಂದು ಡಾಕ್ಟರು ಕೇಳಿದಾಗ ಅಕ್ಕ, ‘ಯಾರೂ ಒತ್ತಿಲ್ರಿ, ನಾನ ಬಿದ್ದೇನಿ’ ಎಂದಳು. ನಾನು ಮುಂದೆ ಬಂದು, ನಾನೇ ಎಂದು ಹೇಳಿದೆ. ಅಕ್ಕನಿಗೆ ಅಸಮಾಧಾನವಾಯಿತು. ಡಾಕ್ಟರು ನನ್ನನ್ನು ಬೈಯಲಿಲ್ಲ. ಏನು ಓದಿದ್ದೀರಿ ಎಂದಷ್ಟೇ ಕೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೆಲ್ಟು ಕಟ್ಟಿ ಮಲಗಿಸಿದ ಮೇಲೆ ಅವಳ ಹತ್ತಿರ ಕೂತೆ. ಆ ದಿನ ನೋವು ಹೋಗಿಲ್ಲ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ನೀ ಅಷ್ಟ ಖುಷೀಲೆ ಕೇಳಿದಿ. ಇಲ್ಲ ಅಂತ ಹೆಂಗ ಅನ್ನಲೋ?’ ಎಂದಳು. ಆಮೇಲೆ ಸಣ್ಣಗೆ ನಕ್ಕಳು. ‘ಸಣ್ಣಾಂವ ಇದ್ದಾಗ ಹಂಗ ಇದ್ದಿ ನೀ. ಒಮ್ಮೆ ಯಾರೋ ನೋವು ಹೋಗಿಲ್ಲ ಅಂದ್ರು, ನೀ ಎರಡ ದಿನಾ ಉಣ್ಣಲಿಲ್ಲ. ಆಮ್ಯಾಲಿಂದ ನಾನ ಮೊದಲ ಹೋಗಿ ಹೇಳಿ ಬರ್ತಿದ್ದೆ. ಹುಡುಗ ಕೇಳಿದ್ರ ಹೋತು ಅನ್ರಿ ಅಂತ. ಬೆಲ್ಲಾನೂ ನಾನ ಕೊಟ್ಟ ಬರ್ತಿದ್ದೆ.’

ನಲವತ್ತು ವರ್ಷಗಳ ಅನುಭವ ಅಲ್ಲಿಗೆ ಮುಗಿಯಿತು. ಬೆಲ್ಲ ಕೂಡ ನಮ್ಮ ಮನೆಯದೇ!

ಬೋರ್ಡು ಇಳಿಸಿ, ಅದನ್ನೇ ಬಗಲಲ್ಲಿ ಹಿಡಿದುಕೊಂಡು ದೇಸಾಯಿ ಮೇಡಂ ಹತ್ತಿರ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಎಷ್ಟ ಮಂದೀನ್ನ ಗುಣಾ ಮಾಡೀರಿ ಅಂತ ಸಂಘದವರು ಕೇಳೂದಿಲ್ರಿ. ಯಾರನ್ನ ಮುಟ್ಟದ ವಾಪಸ್ ಕಳಿಸೀರಿ ಅಂತ ಕೇಳ್ತಾರ’ ಎಂದರು. ನನ್ನ ವಿದ್ಯಾರ್ಥಿ ಸದಸ್ಯತ್ವ ಅಲ್ಲಿಯೇ ರದ್ದಾಯಿತು. ಅದು ನ್ಯಾಯವೇ ಆಗಿತ್ತು. ಅಳತೆ ತಪ್ಪಿದ ಮಾಲನ್ನು ಪಕ್ಕಕ್ಕೆ ಎಸೆದಿದ್ದರು, ಅಷ್ಟೇ.

ಅಕ್ಕ ಈಗ ನಡೆದಾಡುತ್ತಾಳೆ. ಆದರೆ ನೆಲದ ಮೇಲೆ ಕೂಡಲು ಬರುವುದಿಲ್ಲ. ಓಣಿಯ ಹೆಂಗಸರೆಲ್ಲ ಸಂಜೆ ಕಟ್ಟೆಯ ಮುಂದೆ ಚಾಪೆ ಹಾಸಿ ಶೇಂಗಾ ಸುಲಿಯುತ್ತ ಕೂತರೆ ಅವಳೊಬ್ಬಳು ಪ್ಲಾಸ್ಟಿಕ್ ಖುರ್ಚಿಯ ಮೇಲೆ ಕೂಡುತ್ತಾಳೆ. ಅವರ ಮಾತು ಅವಳಿಗೆ ಕೆಳಗಿನಿಂದ ಕೇಳಿಸಬೇಕು. ಪ್ರತಿ ಶನಿವಾರ ಖಾನಾಪುರಕ್ಕೆ ಹೋದಾಗ ಆ ಖುರ್ಚಿಯ ಪಕ್ಕದಲ್ಲಿ ನಾನು ನೆಲದ ಮೇಲೆ ಕೂಡುತ್ತೇನೆ. ಬೇಕಾಗಿದ್ದರೆ ನಾನು ಒಂದು ಮಾತು ಕೇಳಬಹುದಿತ್ತು. ಒಂದೇ ಮಾತು.

ತಪ್ಪಿಗೆ ಏನಾದರೂ ಮಾಡಬೇಕೆಂದು ಮತ್ತೆ ಮೇಡಂ ಹತ್ತಿರ ಹೋಗಿ ಗೋಗರೆದೆ. ಕಲಿಸುವುದು ಬೇಡ, ಕಸ ಹೊಡೆಯುತ್ತೇನೆ ಎಂದೆ. ಬಹಳ ಯೋಚಿಸಿ ಅವರು ನನಗೊಂದು ಕೆಲಸ ಕೊಟ್ಟರು. ರವಿವಾರದ ತರಗತಿಯಲ್ಲಿ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳಲು ಒಂದು ಬೆನ್ನು ಬೇಕಿತ್ತು. ನಾನು ಮೇಜಿನ ಮೇಲೆ ಬೋರಲು ಮಲಗಬೇಕು. ನೋವಾದರೆ ನೋವಾಯಿತು ಎನ್ನಬೇಕು. ಮುಂದೆ ಸಾವಿರ ಬೆನ್ನು ಉಳಿಯುವುದು ಆ ಮಾತಿನ ಮೇಲೆ ಎಂದು ಒತ್ತಿ ಹೇಳಿದರು. ನಾನು ಕೈ ಮುಗಿದು ಒಪ್ಪಿಕೊಂಡೆ. ಈ ಕೆಲಸಕ್ಕೆ ನನ್ನಷ್ಟು ಯೋಗ್ಯ ಮನುಷ್ಯ ಬೆಳಗಾವಿಯಲ್ಲಿ ಇನ್ನೊಬ್ಬನಿಲ್ಲ ಎಂದು ಅನಿಸಿತು.

ಮೊದಲ ರವಿವಾರ ನನ್ನ ಪಾಲಿಗೆ ಬಂದವಳು ಒಬ್ಬ ತೆಳ್ಳನೆಯ ಹುಡುಗಿ. ಕೇಳಬೇಕಾದ್ದನ್ನೆಲ್ಲ ತಪ್ಪದೆ ಕೇಳಿದಳು: ಬಿದ್ದಿದ್ದೀರಾ, ಮೊದಲು ನೋವಿತ್ತೇ, ಕೈ ಇಡಲೇ. ಆಮೇಲೆ ಒತ್ತಿದಳು. ಎಲ್ಲಿ ಒತ್ತಬಾರದೋ ಸರಿಯಾಗಿ ಅಲ್ಲಿಗೇ ಬೆರಳು ಬಿತ್ತು. ಕಣ್ಣಿನಲ್ಲಿ ನೀರು ಬಂತು.

‘ಸರ್, ಬರೋಬ್ಬರಿ ಆತೇನ್ರಿ?’ ಎಂದು ಬಗ್ಗಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಎಷ್ಟು ಆಸೆಯಿತ್ತೆಂದರೆ, ‘ಆತ ತಂಗಿ, ಭಾಳ ಹಗುರಾತು’ ಎಂದುಬಿಟ್ಟೆ.

ಹಿಂದೆಯೇ ದೇಸಾಯಿ ಮೇಡಂ ನಿಂತಿದ್ದರು. ಆ ಹುಡುಗಿಯ ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ಸರಿಸಿದರು. ಮುಂದಿನ ವಾರದಿಂದ ಬರುವುದು ಬೇಡ ಎಂದು ನನಗೆ ಹೇಳಿದರು. ಬರೀ ಬೋರಲು ಮಲಗುವ ಕೆಲಸ ಅದು. ಅದಕ್ಕೂ ನಾನು ಲಾಯಕ್ಕಾಗಲಿಲ್ಲ.