ಕುರಿಗಳನ್ನು ಕರೆದೊಯ್ದ ಹುಲ್ಲು ಕತ್ತರಿಸುವ ಯಂತ್ರಕ್ಕೆ

ಮಾನ್ಯ ಯಂತ್ರ ಮಹಾಶಯರೇ,

ತಮ್ಮ ಬ್ಯಾಟರಿ ಸದಾ ತುಂಬಿರಲಿ, ಅಲಗಿಗೆ ಎಂದೂ ಕಲ್ಲು ಸಿಗದಿರಲಿ ಎಂದು ಹಾರೈಸುತ್ತ, ಹನ್ನೊಂದೇ ಮನೆಗಳ ನೆದರ್ ಥ್ರಪ್ ಎಂಬ ಹಳ್ಳಿಯಲ್ಲಿ ಉಳಿದಿರುವ ಏಕೈಕ ರೈತನಾದ ಎಡ್ಮಂಡ್ ಗಾರ್ತ್‌ವೇಟ್ ಎಂಬ ನಾನು ಈ ಬಹಿರಂಗ ಪತ್ರವನ್ನು ಸವಿನಯವಾಗಿ ಬರೆಯುತ್ತಿದ್ದೇನೆ.

ಪೇಟೆಯವರು ಬಂದು ಇಲ್ಲಿನ ಹಳೆಯ ಕಟ್ಟಡಗಳನ್ನೆಲ್ಲ ಕೊಂಡು ಮನೆ ಮಾಡಿಕೊಂಡಿದ್ದಾರೆ: ನಮ್ಮ ಹಳೆಯ ಕುಲುಮೆಯಲ್ಲಿ ಈಗ ವಕೀಲರಿದ್ದಾರೆ, ಹಂದಿಗೂಡಿನಲ್ಲಿ ದಂತವೈದ್ಯರಿದ್ದಾರೆ, ನನ್ನ ಚಿಕ್ಕಪ್ಪನ ದನದ ಕೊಟ್ಟಿಗೆಯಲ್ಲಿ ತಮ್ಮ ಒಡತಿ ಶ್ರೀಮತಿ ಫಿಲಿಪ್ಪಾ ಲಾಸೆಲ್ಸ್ ಇದ್ದಾರೆ. ಇವರಲ್ಲಿ ಯಾರೂ ಮಣ್ಣು ಮುಟ್ಟುವುದಿಲ್ಲವಾದ್ದರಿಂದ ಬೆಳಗಾದರೆ ಹೊರಗೆ ದುಡಿಯುವವರು ನಾನು ಮತ್ತು ತಾವು ಇಬ್ಬರೇ. ತಮ್ಮ ಮೇಲೆ ನನಗಿರುವ ಗೌರವಕ್ಕೆ ಅದೇ ಕಾರಣ.

ಆದರೆ ಯಾರೂ ತಳ್ಳದೆ ತಾವಾಗಿಯೇ ಓಡಾಡಬಲ್ಲ ತಾವು ಹೋದ ಭಾನುವಾರ ಬೇಲಿಯ ಸಂದಿನಿಂದ ನನ್ನ ಹುಲ್ಲುಗಾವಲಿಗೆ ದಯಮಾಡಿಸಿದಿರಿ. ಮೇವಿನ ಗಾಡಿಯೇ ಬಂತೆಂದು ನಂಬಿದ ನನ್ನ ನಲವತ್ತೆರಡು ಕುರಿಗಳು ತಮ್ಮ ಬೆನ್ನುಹತ್ತಿದವು. ಬದುಕಿಡೀ ಕುರಿ ಕಾದ ನನ್ನ ನಾಯಿ ಬೆಸ್, ಮಂದೆಯನ್ನು ಬಿಟ್ಟು ತಮ್ಮನ್ನೇ ಅಟ್ಟತೊಡಗಿತು. ತಾವು ವಿಧೇಯರಾಗಿ ಮನೆಗೆ ಹಿಂತಿರುಗಿದಿರಿ, ಕುರಿಗಳ ಸಮೇತ, ಲಂಡನ್ನಿನ ಅತಿಥಿಗಳು ತೋಟದಲ್ಲಿ ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ.

ನಾನು ಏದುಸಿರು ಬಿಡುತ್ತ ತಲುಪಿದಾಗ ಶ್ರೀಮತಿಯವರು ಕುರ್ಚಿಯ ಮೇಲೆ ನಿಂತಿದ್ದರು. "ಮಿಸ್ಟರ್ ಗಾರ್ತ್‌ವೇಟ್, ನಿಮ್ಮ ಕುರಿ ನಮ್ಮ ಸಲಾಡ್ ತಿಂತಿದೆ ಕಣ್ರೀ!"

"ಕರ್ಕೊಂಡು ಬಂದವನು ನಿಮ್ಮವನೇ ಅಲ್ವೇನ್ರೀ ಮೇಡಂ?" ಎಂದೆ.

"ಹಳ್ಳೀಲಿ ಕುರಿ ಇರುತ್ತೆ ಅಂತ ಮೊದಲೇ ಹೇಳ್ಬಾರದಾ ಫಿಲಿಪ್ಪಾ!" ಎಂದು, ಹುಲ್ಲಿನ ಟೋಪಿಯನ್ನು ಕುರಿಯ ಬಾಯಿಗೆ ಕಳೆದುಕೊಂಡ ಅತಿಥಿಯೊಬ್ಬರು ಆಕ್ಷೇಪಿಸಿದರು.

ಮಂಗಳವಾರ ಗ್ರಾಮ ಸಮಿತಿ ಸೇರಿತು. ಹಳ್ಳಿಯ ಸೊಬಗು ಕಾಪಾಡುತ್ತಿರುವುದಕ್ಕಾಗಿ ತಮಗೆ ಮೆಚ್ಚುಗೆಯ ನಿರ್ಣಯ. ಅದನ್ನು ಕೆಡಿಸಿದ್ದಕ್ಕಾಗಿ ನನಗೆ, ಜೂನ್ ತಿಂಗಳೊಳಗೆ ಕುರಿಗಳನ್ನು ಸಾಗಹಾಕುವಂತೆ ಸೂಚನೆ. ಆ ಕುರಿಗಳ ಮುತ್ತಜ್ಜಿಯರೂ ಇಲ್ಲೇ ಮೇಯ್ದವರು ಎನ್ನಲು ಎದ್ದೆ. ಅಷ್ಟರಲ್ಲಿ ಸಮಿತಿ ಮುಂದಿನ ವಿಷಯಕ್ಕೆ ಹೋಗಿತ್ತು, ಕೂತುಬಿಟ್ಟೆ.

ಆದ್ದರಿಂದ ನನ್ನ ಪ್ರಾರ್ಥನೆ: ತಾವು ನನ್ನ ಜಮೀನನ್ನೂ ವಹಿಸಿಕೊಳ್ಳಬೇಕು, ಮಾರ್ಚ್ ತಿಂಗಳ ಚಳಿಯಲ್ಲಿ ತಾಯಿಯ ಹೊಟ್ಟೆಯೊಳಗೆ ಅಡ್ಡಬಿದ್ದ ಮರಿಯನ್ನು ಕೈಹಾಕಿ ಹೊರಗೆಳೆಯಲು ಕಲಿಯಬೇಕು, ಸಮಿತಿಯಲ್ಲಿ ರೈತನಿಗೆಂದಿಟ್ಟ ಕುರ್ಚಿಯನ್ನು ಅಲಂಕರಿಸಬೇಕು. ಅಲ್ಲಿ ಮಾತು ಬಾರದಿರುವುದೇ ಮುಖ್ಯ ಅರ್ಹತೆ.

ಪತ್ರವನ್ನು ಇಲ್ಲಿಗೆ ಮುಗಿಸುವವನಿದ್ದೆ. ಅಷ್ಟರಲ್ಲಿ ಶ್ರೀಮತಿಯವರೇ ಬಾಗಿಲಿಗೆ ಬಂದರು. "ಅವತ್ತು ನಮ್ಮ ಅತಿಥಿಗಳು ತೆಗೆದ ಕುರಿ ಫೋಟೋ ನೋಡಿ ಎಲ್ರೂ ನಮ್ಮನೆಗೆ ಬರ್ತೀವಿ ಅಂತಿದಾರೆ ರೀ. ಸಮಿತಿ ಹತ್ರ ನಾನು ಮಾತಾಡಿದೀನಿ, ಕುರಿ ಇರ್ಲಿ ಬಿಡಿ. ಭಾನುವಾರ ಎರಡರಿಂದ ನಾಲ್ಕರ ತನಕ ನಮ್ಮ ತೋಟಕ್ಕೆ ಕಳ್ಸಿದ್ರೆ ಸಾಕು." ಒಪ್ಪಿದೆ. ಸುಳ್ಳೇಕೆ, ಅವರಿಗೆ ಚಹಾವನ್ನೂ ಮಾಡಿಕೊಟ್ಟೆ.

ತಮ್ಮ ವಿಶ್ವಾಸಿ, ತಮ್ಮ ಸಹೋದ್ಯೋಗಿ,
ಎಡ್ಮಂಡ್ ಗಾರ್ತ್‌ವೇಟ್

ವಿ.ಸೂ.: ಕುರಿಗಳನ್ನು ತೊಳೆದು, ಬಾಚಿ ಕಳಿಸಬೇಕಂತೆ. ರೈತನನ್ನೂ ತೊಳೆದು ಕಳಿಸಬೇಕೋ, ಇದ್ದ ಹಾಗೇ ಚೆಂದವೋ ಎಂಬುದನ್ನು ಮಾತ್ರ ಅವರು ಇನ್ನೂ ತಿಳಿಸಿಲ್ಲ.