ಆಟದ ಹಲ್ಲು ಎಣಿಸಿದ ಕಾಕಾ

ನಮ್ಮ ಕಾಕಾ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುತ್ತಾನೆ. ಗುಡ್ಡ ಹತ್ತುತ್ತಾನೆ, ಹೊಳೆ ದಾಟುತ್ತಾನೆ, ಅಡ್ಡ ಬಂದ ರಾಕ್ಷಸರನ್ನು ಮಾತಾಡಿಸಿ ಮುಂದಕ್ಕೆ ಹೋಗುತ್ತಾನೆ. ಕುರ್ಚಿಯಿಂದ ಎದ್ದು ನೀರಿನ ಕೊಡದ ತನಕ ಹೋಗು ಅಂದರೆ ಮಾತ್ರ ಆಗುವುದಿಲ್ಲ! ಇದೇನು ಒಗಟು ಅಂತ ನೀವು ಕೇಳಬಹುದು. ನನಗೂ ಬಗೆಹರಿದಿಲ್ಲ. ಬಗೆಹರಿದಿದ್ದರೆ ಇದನ್ನು ಬರೆಯಲು ಕೂರುತ್ತಲೂ ಇರಲಿಲ್ಲ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಊರು ಯಲಬುರ್ಗಾ ಕಡೆಯ ಮಂಗಳೂರು. ಮೀನಿನ ಮಂಗಳೂರಲ್ಲ, ಜೋಳದ ಮಂಗಳೂರು! ಕಸುಬು ದನದ ಸಂತೆಯ ದಲ್ಲಾಳಿ. ಕುಷ್ಟಗಿ ಸಂತೆ, ಯಲಬುರ್ಗಾ ಸಂತೆ ಅಂತ ಆಯುಷ್ಯವೆಲ್ಲ ತಿರುಗಿದವನು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಾನೆ, ಮೈಮೇಲಿನ ಸುಳಿ ನೋಡಿ ಸ್ವಭಾವ ಹೇಳುತ್ತಾನೆ, ನಡಿಗೆ ನೋಡಿ ಐಬು ಹೇಳುತ್ತಾನೆ. ಮನುಷ್ಯರನ್ನೂ ಹಾಗೇ ನೋಡುವುದು ಅವನ ಚಾಳಿ. ನನ್ನನ್ನು ನೋಡಲು ಬಂದ ಗಂಡಿಗೆ, "ಒಂದೀಟ ಆ ಕಟ್ಟಿತನ ಹೋಗಿ ಬರ್ರಿ, ನಡಿಗಿ ನೋಡೂಣು" ಅಂದಿದ್ದ! ಪಾಪ, ಅವರು ಹೋಗಿ ಬಂದರು. ಪಾಸಾದರು. ಈಗ ಅವರೇ ನಮ್ಮ ಮನೆಯವರು.

ಇಂಥ ಕಾಕಾ ಹೋದ ವರ್ಷ ಗಾಡಿಯಿಂದ ಎತ್ತು ಇಳಿಸುವಾಗ ಹಲಗೆ ಜಾರಿ ಬಿದ್ದ. ಕಾಲಿಗೆ ರಾಡು ಹಾಕಿದರು. ದವಾಖಾನೆಗೆ ಹತ್ತಿರ ಅಂತ ಕೊಪ್ಪಳದ ನಮ್ಮ ಮನೆಗೆ ಕರೆತಂದೆವು. "ಎಲುಬು ಕೂಡೇತಿ. ಇನ್ನ ದಿನಾ ಎಬ್ಬಿಸಿ ನಡಸ್ರಿ" ಅಂದರು ಡಾಕ್ಟರು, "ಕುಂತಲ್ಲೇ ಕುಂತ್ರ ಮೊಣಕಾಲ ಬಿಗದ ಬಿಡತೈತಿ. ಆಮ್ಯಾಲೆ ಅವರು ನಡೀತೀನಿ ಅಂದ್ರೂ ಕಾಲು ಕೇಳಂಗಿಲ್ಲ."

ಕಾಕಾ ಎದ್ದನೇ? ಇಲ್ಲ. ವಾಕರ್ ತಂದೆವು. ಅದರ ಮೇಲೆ ಈಗ ನಮ್ಮ ಮನೆಯವರ ಬನಿಯನ್‌ಗಳು ಒಣಗುತ್ತವೆ.

"ಯಾಕ ಕಾಕಾ, ನೋವ ಆಕ್ಕತೇನು?" ಅಂತ ಒಮ್ಮೆ ಪಕ್ಕದಲ್ಲಿ ಕೂತು ಕೇಳಿದೆ.

"ನೋವ ಅಲ್ಲವ್ವಾ. ಕುಂಟ ಎತ್ತ ಬ್ಯಾಡ ಅಂತ ಎಷ್ಟ ಮಂದಿಗೆ ನಾನ ಹೇಳೀನಿ. ಈಗ ನಾ ಎದ್ದ ಕುಂಟಕೋತ ಹೋಗಿ ಸಂತ್ಯಾಗ ನಿಂತ್ರ, ನನ್ನ ಯಾರ ಬೇಕ ಅಂತಾರ?"

ಅಷ್ಟು ಹೇಳಿದವನು ಗೋಡೆಯ ಕಡೆ ಮುಖ ಮಾಡಿದ. ಆಮೇಲೆ ಮಾತೂ ಕಮ್ಮಿಯಾಯಿತು, ರೊಟ್ಟಿಯೂ ಅರ್ಧವಾಯಿತು.

ಹೀಗಿರುವಾಗ ನಡುವೆ ಬಂದದ್ದು ಆಟ. ನಮ್ಮ ಮನೆಯವರು ಯಾರೋ ಗೆಳೆಯರಿಂದ ತಂದ ವಿಡಿಯೋ ಗೇಮು. ಬರೀ ಗುಂಡು ಹಾರಿಸುವ ಆಟವಲ್ಲ, ಕಥೆ ಇರುವ ಆಟ. ಮಾಯಾಲೋಕ, ಮಂತ್ರವಾದಿಗಳು, ಕೋಟೆ ಕೊತ್ತಲ. ನಾವು ಒಬ್ಬ ವೀರನಾಗಿ ಊರೂರು ತಿರುಗಬೇಕು, ಸಿಕ್ಕವರ ಜತೆ ಮಾತಾಡಬೇಕು, ಪರದೆಯ ಮೇಲೆ ಬರುವ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ನಾವು ಆರಿಸಿದಂತೆ ಕಥೆ ಹೊರಳುತ್ತದೆ. ನಮ್ಮ ಮನೆಯವರು ಎರಡು ಭಾನುವಾರ ಆಡಿ, "ಮಾತ ಭಾಳ, ಬಡಿದಾಟ ಕಡಿಮಿ" ಅಂತ ಬೇಸತ್ತು, ಒಂದು ದಿನ ಆಟವನ್ನು ಅರ್ಧಕ್ಕೇ ಬಿಟ್ಟು ಫೋನು ಹಿಡಿದು ಹೊರಗೆ ಹೋದರು. ಪರದೆಯ ಮೇಲೆ ಆ ವೀರ ಕತ್ತಿ ಹಿಡಿದು ಸುಮ್ಮನೆ ನಿಂತಿದ್ದ. ಗೋಡೆ ನೋಡುತ್ತಿದ್ದ ಕಾಕಾ ನಿಧಾನಕ್ಕೆ ಈ ಕಡೆ ತಿರುಗಿದ.

"ಯವ್ವಾ, ಅಂವಾ ಯಾಕ ಅಲ್ಲೇ ನಿಂತಾನ? ಯಾರರ ಅವನ್ನ ನಡಸ್ರಿ!"

ಹೇಳಿದವರು ಯಾರು ನೋಡಿ!

ಕಾಕಾನಿಗೆ ಓದು ಬಾರದು. ಆಟದ ತುಂಬ ಇಂಗ್ಲಿಷು. ಹಾಗಾಗಿ ಓದಿ ಹೇಳುವ ಕೆಲಸ ನನಗೆ ಬಂತು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದವಳು, ಪುಕ್ಕಟೆ ಬಂದದ್ದಲ್ಲ. ಆದರೆ ಆ ಆಟದ ಇಂಗ್ಲಿಷು ನಾನು ಪಾಸಾದ ಇಂಗ್ಲಿಷಲ್ಲ! ರಾಜಮಹಾರಾಜರ ಕಾಲದ್ದು. ಮೊದಲನೆಯ ಊರಿನಲ್ಲೇ ಗಡ್ಡದ ಮುದುಕನೊಬ್ಬ ಬಂದು "ಹಾರ್ಕ್!" ಅಂದ.

"ಏನಂತಾನ?" ಅಂದ ಕಾಕಾ.

"ಅಂವನ ಹೆಸರ ಹಾರ್ಕ್ ಅಂತ ಕಾಕಾ."

ಮುಂದೆ ಬಾವಿಯ ಹತ್ತಿರ ಒಬ್ಬಳು ಹೆಂಗಸು, ಅವಳೂ "ಹಾರ್ಕ್" ಅಂದಳು. ಕಮ್ಮಾರನೂ ಅಂದ. ಕೋಟೆಯ ಕಾವಲುಗಾರನೂ ಅಂದ. ಕಾಕಾ ನನ್ನ ಮುಖ ನೋಡಿದ.

"ಊರ ಮಂದೀದೆಲ್ಲಾ ಒಂದ ಹೆಸರೇನವಾ?"

ಡಿಗ್ರಿಯ ಮರ್ಯಾದೆ ಹೋಗಬಾರದಲ್ಲ! "ಊರದೇವರ ಹೆಸರ ಇರಬೇಕು ಕಾಕಾ. ನಮ್ಮಲ್ಲೆ ಓಣಿಗೆ ಹತ್ತ ಮಂದಿ ಶರಣಪ್ಪ ಇಲ್ಲೇನು? ಹಂಗ" ಅಂದೆ.

ಕಾಕಾನಿಗೆ ಇದು ಪೂರ್ತಿ ಒಪ್ಪಿಗೆಯಾಯಿತು. ಅಂದಿನಿಂದ ಆ ರಾಜ್ಯದ ಗಂಡಸರೆಲ್ಲ ಹಾರ್ಕಪ್ಪ, ಹೆಂಗಸರೆಲ್ಲ ಹಾರ್ಕವ್ವ. ನಾಲ್ಕೈದು ದಿನ ಕಳೆದ ಮೇಲೆ ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕು, "ಮಾವಾರ, ಹಾರ್ಕ್ ಅಂದ್ರ 'ಕೇಳಿಲ್ಲೆ' ಅಂತ ಅರ್ಥರಿ" ಅಂದರು. ಕಾಕಾ ಅವರನ್ನು ಐಬು ಇರುವ ಹೋರಿಯನ್ನು ನೋಡುವ ಹಾಗೆ ನೋಡಿ, "ನೀವ್ ಸುಮ್ಕಿರ್ರಿ ಅಳಿಯಂದ್ರ. ಅಕಿ ಡಿಗ್ರಿ ಮಾಡ್ಯಾಳ" ಅಂದ. ಅಂದು ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆನೋ ಅತ್ತೆನೋ, ಈಗಲೂ ಗೊತ್ತಿಲ್ಲ.

ಕಾಕಾ ಆಟ ಆಡುವ ರೀತಿಯನ್ನು ಹೇಳಲೇಬೇಕು. ಎರಡು ಕೈಯಲ್ಲಿ ಹಿಡಿಯುವ ಆ ಗುಂಡಿಗಳ ರಿಮೋಟನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಟವೆಲು ಹೊದಿಸುತ್ತಾನೆ! ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈಗೆ ಕೈ ಹಿಡಿದು ಬೆರಳಿನಿಂದ ಹೇಳುತ್ತಾರೆ, ಪಕ್ಕದವನಿಗೆ ತಿಳಿಯಬಾರದು. "ಇಲ್ಲಿ ಯಾರ ನೋಡ್ತಾರ ಕಾಕಾ?" ಅಂದರೆ, ಪರದೆಯ ಮೇಲಿನ ರಾಕ್ಷಸನ ಕಡೆ ಕಣ್ಣು ಮಾಡಿ, "ಎದುರಿಗೆ ಅದಾನಲ್ಲ!" ಅಂತ ಪಿಸುಗುಟ್ಟಿದ.

ಇನ್ನು ಗುಣ, ಐಬು. ಒಂದು ಎತ್ತನ್ನು ಹೇಗೆ ಪರೀಕ್ಷೆ ಮಾಡುತ್ತಿದ್ದನೋ ಹಾಗೇ ಆಟವನ್ನೂ ಬಾಲದಿಂದ ಬಾಯಿಯ ತನಕ ಪರೀಕ್ಷೆ ಮಾಡಿದ. ಮೊದಲನೆಯ ಐಬು: ಈ ವೀರ ಯಾರ ಮನೆಗೆ ಬೇಕಾದರೂ ಕೇಳದೆ ನುಗ್ಗಬಹುದು, ಗಡಿಗೆ ಒಡೆದು ಒಳಗಿದ್ದದ್ದನ್ನು ಎತ್ತಿಕೊಳ್ಳಬಹುದು. ಕಾಕಾ ಹೌಹಾರಿದ. "ಇಂವಾ ವೀರನೋ ಕಳ್ಳನೋ?" ಅಂದಿನಿಂದ ಪ್ರತಿ ಬಾಗಿಲಲ್ಲೂ ವೀರನನ್ನು ನಿಲ್ಲಿಸಿ, ತಾನು ಕುರ್ಚಿಯಿಂದ "ಯಾರದೀರಿ ಒಳಗ?" ಅಂತ ಕೂಗುತ್ತಾನೆ. ನಾನು ಒಳಗಿನಿಂದ "ಬರ್ರಿ" ಅನ್ನಬೇಕು. ರೊಟ್ಟಿ ಬಡಿಯುತ್ತ ದಿನಕ್ಕೆ ಎಷ್ಟು ಸಲ "ಬರ್ರಿ" ಅಂದಿದ್ದೇನೋ! ಒಮ್ಮೆ ಹಾಲು ಹಾಕುವವನು ನಿಜಕ್ಕೂ ಒಳಗೇ ಬಂದುಬಿಟ್ಟ.

ಎರಡನೆಯ ಐಬು, ಅಂಗಡಿಯವರು ಚೌಕಾಸಿಗೆ ಒಪ್ಪುವುದಿಲ್ಲ. ಕಾಕಾ ಒಂದು ಮಧ್ಯಾಹ್ನವಿಡೀ ಒಂದು ಗುರಾಣಿಗಾಗಿ ಅಂಗಡಿಯೊಳಗೆ ಹೋಗುವುದು, ಸಿಟ್ಟು ಬಂದವನ ಹಾಗೆ ಹೊರಗೆ ಬರುವುದು, ತಿರುಗಿ ನೋಡುವುದು ಮಾಡಿದ. ಅಂಗಡಿಯವನು ಕರೆಯಲಿಲ್ಲ. "ವ್ಯಾಪಾರ ಗೊತ್ತಿಲ್ಲದ ಸೂಳ್ಯಾಮಗ" ಅಂತ ತೀರ್ಮಾನವಾಯಿತು.

ಗುಣವೂ ಇತ್ತು. ರಾಕ್ಷಸ ಎದುರಾದಾಗ ಬಡಿದಾಡು, ಓಡು, ಮಾತಾಡು ಅಂತ ಮೂರು ದಾರಿ. ಕಾಕಾ ಪ್ರತಿ ಸಲ ಮಾತಾಡುವುದನ್ನೇ ಆರಿಸಿದ. ಹಾಗೆ ಮಾತಾಡಿಸಿ ಬಿಟ್ಟ ಕೋಡಿನ ರಾಕ್ಷಸನೊಬ್ಬ ಎಷ್ಟೋ ದಿನಗಳ ಮೇಲೆ ಬೇರೆ ಊರಿನ ದಾರಿಯಲ್ಲಿ ಸಿಕ್ಕು, ನೀನು ಅಂದು ನನ್ನನ್ನು ಬಿಟ್ಟವನಲ್ಲವೇ, ಹೇಗಿದ್ದೀ, ಅಂದ. ನಾನು ಓದಿ ಹೇಳಿದೆ. ಕಾಕಾ ನನ್ನ ಕಡೆ ತಿರುಗಿದ.

"ನೆನಪಿಟ್ಟಾನ ನೋಡವ್ವಾ. ನಾ ಬಿದ್ದಿಂದ ಸಂತೀ ಮಂದಿ ಒಬ್ಬರೂ ಬಂದ ಕೇಳಲಿಲ್ಲ. ರಾಕ್ಷಸ ಕೇಳಿದ."

ಎಲ್ಲಕ್ಕಿಂತ ದೊಡ್ಡ ಗುಣ ಅಂದರೆ ನೀಲ್ಯಾ. ಕಥೆಯಲ್ಲಿ ವೀರನಿಗೆ ಸವಾರಿಗೆಂದು ಒಂದು ಪ್ರಾಣಿ ಸಿಗುತ್ತದೆ. ಎತ್ತೂ ಅಲ್ಲ, ಕುದುರೆಯೂ ಅಲ್ಲ. ಕಿನ್ನಾಳದವರು ಗೊಂಬೆಗೆ ಹಚ್ಚುವಂಥ ಕಡುನೀಲಿ ಬಣ್ಣ, ಉದ್ದನೆಯ ಕೋಡು. ಕಾಕಾ ಅದಕ್ಕೆ ನೀಲ್ಯಾ ಅಂತ ಹೆಸರಿಟ್ಟ. ಗುಂಡಿ ಒತ್ತಿ ಪರದೆಯ ಮೇಲೆ ಅದನ್ನು ಆ ಕಡೆ ಈ ಕಡೆ ತಿರುಗಿಸಿ, ಅದು ಬಾಯಿ ತೆರೆದ ಹೊತ್ತು ಕಾದು, "ನಾಕ ಹಲ್ಲಿಂದು, ಇನ್ನ ಹರೇದಾಗ ಐತಿ" ಅಂದ. ಬಾಲ ಬೀಸಿದಾಗ ಅವನ ಸಂತೋಷ ನೋಡಬೇಕಿತ್ತು! "ನೋಣಾ ಹೊಡಕೊಳ್ತೈತಿ! ಇದನ್ನ ಮಾಡಿದಾಂವಗ ದನ ಗೊತ್ತೈತಿ ನೋಡು." ಮರುದಿನವೇ ಮತ್ತೆ ಅನುಮಾನ. "ಇಷ್ಟ ದಿನ ಆತು, ಒಮ್ಮೆರ ಸಗಣಿ ಹಾಕೇತೇನು?" ಸಗಣಿ ಹಾಕದಿರುವುದು ದೊಡ್ಡ ಐಬು ಅಂತ ದಾಖಲಾಯಿತು.

ಸವಾರಿಗೆಂದು ಕೊಟ್ಟ ಪ್ರಾಣಿಯನ್ನು ಕಾಕಾ ಹತ್ತಿದನೇ? "ಎತ್ತಿನ ಮ್ಯಾಲೆ ಕುಂದ್ರಾಕ ಇಂವೇನ್ ಶಿವನೇನು?" ಎಂದು ಅದರ ಪಕ್ಕದಲ್ಲೇ ವೀರನನ್ನು ನಡೆಸಿದ. ಒಂದು ಗುಂಡಿ ಒತ್ತಿದರೆ ದೂರದ ಊರಿಗೆ ಕ್ಷಣದಲ್ಲಿ ಹೋಗಬಹುದು, ಅದೂ ಬೇಡ. ಹೀಗೆ, ನಮ್ಮ ಮನೆಯವರು ಒಂದು ತಿಂಗಳಲ್ಲಿ ಮುಗಿಯುತ್ತದೆ ಅಂದಿದ್ದ ಕಥೆ ಮುಗಿಯುವ ಲಕ್ಷಣವೇ ಇರಲಿಲ್ಲ.

ನನಗೆ ತಲೆ ಕೆಟ್ಟದ್ದು ಇಲ್ಲೇ. ಆಟ ಹಚ್ಚಿದರೆ ಕಾಕಾ ಮಾತಾಡುತ್ತಾನೆ, ನಗುತ್ತಾನೆ, ಮೂರು ರೊಟ್ಟಿ ಉಣ್ಣುತ್ತಾನೆ, ಆದರೆ ಏಳುವುದಿಲ್ಲ. ಆಟ ಬಂದ್ ಮಾಡಿದರೆ ಗೋಡೆ ನೋಡುತ್ತಾನೆ, ಆಗಲೂ ಏಳುವುದಿಲ್ಲ. ಈ ಆಟ ಔಷಧವೋ ವಿಷವೋ? ನಮ್ಮ ಮನೆಯವರು, "ಮಾವಾರ, ಇವತ್ತ ಬಾಗಲತನ ನಡದ್ರ ಆಟ ಹಚ್ಚತೀನಿ" ಅಂತ ಕರಾರು ಹಾಕಿ ನೋಡಿದರು. ಕಾಕಾ ಎರಡು ದಿನ ಆರಿದ ಟೀವಿಯನ್ನೇ ನೋಡುತ್ತ ಕೂತ. ಮೂರನೆಯ ದಿನ ಅವರೇ ಸೋತು ಹಚ್ಚಿದರು. ದಲ್ಲಾಳಿಯ ಹತ್ತಿರ ಕರಾರು ನಡೆದೀತೇ?

ಅಷ್ಟರಲ್ಲಿ ತಪಾಸಣೆಯ ದಿನ ಬಂತು. ಆಟೋದಲ್ಲಿ ಎತ್ತಿ ಕೂರಿಸಿಕೊಂಡು ಹೋದೆವು.

"ನಡೀತೀರೇನ್ರಿ ಅಜ್ಜಾರ?" ಅಂದರು ಡಾಕ್ಟರು.

"ದಿನಾ ನಡೀತೀನ್ರೀ ಸಾಹೇಬ್ರ. ನಿನ್ನೆ ಗುಡ್ಡ ಹತ್ತಿ ಇಳದೆ."

ಡಾಕ್ಟರು ಸಂತೋಷದಿಂದ ಚೀಟಿಯಲ್ಲಿ ಏನೋ ಬರೆಯತೊಡಗಿದರು. "ಭೇಷ್! ಜೋಡಿ ಯಾರರ ಇದ್ರೇನು?"

"ನೀಲ್ಯಾ ಇದ್ದ."

ನಾನು ನೆಲ ನೋಡಿದೆ. ಡಾಕ್ಟರು ಮೊಣಕಾಲು ಮುಟ್ಟಿ ಮಡಚಲು ನೋಡಿದರು, ಅದು ಮಡಚಲಿಲ್ಲ. ಬರೆದದ್ದನ್ನು ಹೊಡೆದುಹಾಕಿ, ನನ್ನನ್ನು ಹೊರಗೆ ಕರೆದು ಹೇಳಿದರು: "ಇನ್ನ ಹದಿನೈದ ದಿನ ನೋಡೂಣು. ಅಷ್ಟರಾಗ ಏಳಲಿಲ್ಲಂದ್ರ ಈ ಕಾಲಿನ ಆಶಾ ಬಿಡ್ರಿ."

ಹದಿನೈದರಲ್ಲಿ ಹನ್ನೊಂದು ದಿನ ನಾನು ಬೈದೆ, ಅತ್ತೆ, ಕೈಮುಗಿದೆ. ಕಾಕಾ, "ಅಕ್ಕಡೆ ಸರಿಯವ್ವಾ, ದಾರಿ ಕಾಣವಲ್ದು" ಅಂದ.

ಹನ್ನೆರಡನೆಯ ದಿನ ಭಾನುವಾರ. ಮಧ್ಯಾಹ್ನದ ಊಟವಾಗಿತ್ತು. ಕಥೆಯಲ್ಲಿ ವೀರನೂ ನೀಲ್ಯಾನೂ ಒಂದು ದೊಡ್ಡ ಸೇತುವೆಗೆ ಬಂದರು. ಆಚೆಗೆ ಕೊನೆಯ ಕೋಟೆ. ಈಚೆಗೆ ಒಬ್ಬಳು ಮುದುಕಿ ನಿಂತು ಏನೋ ಹೇಳಿದಳು. ಈ ಸಲ ಇಂಗ್ಲಿಷು ಸುಲಭವಾಗಿತ್ತು, ಅದೇ ಕಷ್ಟವಾಯಿತು. ಸುಳ್ಳು ಹೇಳಲೇ ಅಂತ ಒಂದು ಗಳಿಗೆ ಅನ್ನಿಸಿತು.

"ಏನಂತಾಳ?"

"ಈ ಸೇತುವಿ ದನದ ಭಾರ ತಾಳಂಗಿಲ್ಲಂತ ಕಾಕಾ. ನೀಲ್ಯಾನ್ನ ನನ್ನ ಹಂತೇಕ ಬಿಟ್ಟು ನೀ ಒಬ್ಬನ ಹೋಗು ಅಂತಾಳ. ನಾ ಛಲೋತ್ನಂಗ ನೋಡಿಕೊಳ್ತೀನಿ ಅಂತಾಳ."

ಕಾಕಾ ಬಹಳ ಹೊತ್ತು ಮುದುಕಿಯನ್ನು ನೋಡಿದ. ಕೈಕಾಲು, ನಿಲುವು, ಎಲ್ಲ. ಆಮೇಲೆ ಟವೆಲಿನ ಕೆಳಗೆ, ಆಗಲಿ ಅನ್ನುವ ಗುಂಡಿ ಒತ್ತಿದ. ಮುದುಕಿ ತನ್ನ ಮನೆಯ ಕಡೆ ನಡೆದಳು. ನೀಲ್ಯಾ ನಡೆಯಲಿಲ್ಲ. ಆಟ ಮಾಡಿದವರ ಕೈಚಳಕವೋ, ದೋಷವೋ ನನಗೆ ತಿಳಿಯದು. ಅದು ಕತ್ತು ತಿರುಗಿಸಿ ನಮ್ಮ ಕಡೆಗೇ ನೋಡುತ್ತ ನಿಂತುಬಿಟ್ಟಿತು.

"ಹೋಗವಲ್ದು" ಅಂದೆ.

"ಹೊಸಾ ಕೈಗೆ ಹೆಂಗ ಹೋದೀತವಾ?" ಅಂದ ಕಾಕಾ, ನಾನು ಏನೂ ತಿಳಿಯದವಳು ಅನ್ನುವ ದನಿಯಲ್ಲಿ. "ಎಷ್ಟ ಎತ್ತ ಮಾರ್ಸೀನಿ. ಸಂತೀ ದಾಟೂತನ ಜೋಡಿ ನಡದ ಹೋಗಿ, ಮೈ ಸವರಿ ಬಿಟ್ಟ ಬರಬೇಕು. ಇಲ್ಲಂದ್ರ ಅವು ಹೊಳ್ಳಿ ನೋಡಕೋತ ನಿಂದರತಾವು."

ರಿಮೋಟು ಕೆಳಗಿಟ್ಟ. ಕುರ್ಚಿಯ ಎರಡೂ ಕೈ ಒತ್ತಿ ಹಿಡಿದ. ಎದ್ದ.

ನಮ್ಮ ಮನೆಯವರು ಬಾಯಿ ತೆರೆದರು. ನಾನು ಅವರ ಬಾಯಿಗೆ ನನ್ನ ಕೈ ಅಡ್ಡ ಹಿಡಿದೆ. ಕಾಕಾ ಕಪಾಟಿನ ಅಂಚು ಹಿಡಿದ, ಮೇಜಿನ ಮೂಲೆ ಹಿಡಿದ, ಗೋಡೆಗೆ ಅಂಗೈ ಕೊಟ್ಟ. ಬಿಗಿದ ಕಾಲನ್ನು ಎಳೆಯುತ್ತ, ಹಲ್ಲು ಕಚ್ಚುತ್ತ ಟೀವಿಯ ತನಕ ಹೋದ. ಪರದೆಯ ಮೇಲೆ ನೀಲ್ಯಾನ ಹೆಗಲು ಇದ್ದಲ್ಲಿ ಅಂಗೈಯಿಟ್ಟು ಸವರಿದ.

"ಹೋಗಪಾ. ಛಲೋ ಮನಿ ಐತಿ. ಹೋಗು."

ಅದು ಹೋಯಿತು. ಹೇಗೂ ಹೋಗುತ್ತಿತ್ತೋ, ಇವನು ಹೇಳಿದ್ದಕ್ಕೆ ಹೋಯಿತೋ, ದೇವರಾಣೆಗೂ ಗೊತ್ತಿಲ್ಲ.

ಅದು ಕಣ್ಮರೆಯಾದ ಮೇಲೆ ಕಾಕಾ ಕೆಳಗೆ ನೋಡಿದ. ತನ್ನ ಕಾಲು ನೋಡಿದ, ಹಿಂದೆ ಉಳಿದ ದಾರಿ ನೋಡಿದ. ಮುಖದಲ್ಲಿ ಗಾಬರಿ.

"ಯವ್ವಾ, ಇಲ್ಲಿತನ ಬಂದೆ. ಹೊಳ್ಳಿ ಹೆಂಗ ಬರ್ಲಿ?"

"ಬಂದಂಗ ಬಾ ಕಾಕಾ. ನಾ ಇಲ್ಲೇ ಅದೀನಿ."

ಅವನು ಗೋಡೆಯ ಕಡೆ ಮುಖ ಮಾಡಿ, ಉಸಿರು ತುಂಬಿಕೊಂಡು, ತಿರುಗಲು ಶುರುಮಾಡಿದ. ಅಷ್ಟರೊಳಗೆ ನಾನು ಅವನ ಕುರ್ಚಿಯನ್ನು ಸದ್ದಾಗದ ಹಾಗೆ ಎತ್ತಿ, ಎರಡು ಹೆಜ್ಜೆ ಹಿಂದಕ್ಕೆ ಇಟ್ಟೆ.